ಬೇಕರಿಯ ಕೌಂಟರಿನಲ್ಲಿ ಅಮ್ಮ

ಬೇಕರಿಯ ಹಿಂದಿನ ಕೋಣೆಯಿಂದ,
ಫೆಬ್ರವರಿ ೧೯, ಬುಧವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಈಗ ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲಾ ಎಂದಿನಂತೆ ಮನೆಮಂದಿಯ ನೋವನ್ನೆಲ್ಲ ವಿಚಾರಿಸಿ ನಿನ್ನದನ್ನು ಮರೆತಿದ್ದೀಯೋ? ಭಾವನವರ ಕೆಮ್ಮು ಪೂರ್ತಿ ನಿಂತಿತು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ನೀನು ಹಾಗೆ ಹೇಳುತ್ತಿರುವಾಗಲೇ ಅವರು ಹಿಂದೆ ಕೆಮ್ಮಿದ್ದು ನನಗೆ ಕೇಳಿಸಿತು. ಪುಟ್ಟಿಯ ಮುಂದಿನ ಹಲ್ಲು ಬಿತ್ತೆಂಬ ಸುದ್ದಿಯನ್ನು ಅಮ್ಮನಿಗೆ ಹೇಳಿದೆ, ಬಹಳ ನಕ್ಕಳು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಲಕೋಟೆಯ ಮೇಲೆ ನನ್ನ ಕೈಬರಹ ನೋಡಿದೊಡನೆ ನಿನ್ನ ಎದೆ ಧಸಕ್ಕೆನ್ನುತ್ತದೆಂದು ನನಗೆ ಗೊತ್ತು. ಮಂಡಿನೋವು ಇದ್ದಂತೆಯೇ ಇದೆ, ಬಿ.ಪಿ. ಹತೋಟಿಯಲ್ಲಿದೆ, ಹೊಟ್ಟೆತುಂಬ ಉಣ್ಣುತ್ತಾಳೆ, ಮಲಗಿದರೆ ಗೊರಕೆ ಹೊಡೆಯುತ್ತಾಳೆ. ಗೊರಕೆಯ ವಿಷಯ ನಾನು ಬರೆದೆನೆಂದು ಅವಳಿಗೆ ಹೇಳಬೇಡ.

ಇನ್ನು, ನಾವು ಯಾಕೆ ಇನ್ನೂ ನಿನ್ನ ಮನೆ ಬಾಗಿಲಿಗೆ ಬಂದಿಲ್ಲ ಎಂಬ ವಿಷಯ. ಕಾರು ಕೆಟ್ಟಿದೆ ಎಂದು ಶುಕ್ರವಾರ ಹೇಳಿದೆ, ನಿಜ. ಭಾನುವಾರವೂ ಅದನ್ನೇ ಹೇಳಿದೆ, ಅದೂ ನಿಜ. ನಿನ್ನೆ ರಾತ್ರಿ ಹೇಳಿದ್ದು ಮಾತ್ರ ಅಷ್ಟು ನಿಜವಲ್ಲ. ಕಾರು ನಿನ್ನೆ ಮಧ್ಯಾಹ್ನವೇ ಸರಿಹೋಗಿ, ಗ್ಯಾರೇಜಿನ ಮುಂದೆ ರಸ್ತೆಗೆ ಮುಖಮಾಡಿ ನಿಂತಿದೆ. ಕಾರಣ ಬೇರೆ. ಅದನ್ನು ಫೋನಿನಲ್ಲಿ ಹೇಳೋಣವೆಂದರೆ ಎರಡನೇ ವಾಕ್ಯಕ್ಕೆ ನೀನು ನನ್ನ ಬಾಯಿ ಮುಚ್ಚಿಸುತ್ತೀಯ, ಮೂರನೆಯದಕ್ಕೆ ಅಳುತ್ತೀಯ, ಅಷ್ಟರಲ್ಲಿ ಭಾವನವರು ಫೋನು ಕಸಿದುಕೊಂಡು ನನಗೆ ಸಮಾಧಾನ ಹೇಳುತ್ತಾರೆ. ಅದಕ್ಕೇ ಪತ್ರ. ಬಯ್ಯುವುದಿದ್ದರೆ ನಡುನಡುವೆ ಬಯ್ದುಕೋ, ನನಗೆ ಕೇಳಿಸುವುದಿಲ್ಲ. ಆದರೆ ಕೊನೆಯವರೆಗೆ ಓದು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ನನ್ನ ಹೆಂಡತಿ, ಅಂದರೆ ನಿನ್ನ ನಾದಿನಿ, ಅಮ್ಮನ ಟ್ರಂಕು, ಎರಡು ದಿಂಬು, ಮಂಡಿಗೆ ಕಟ್ಟುವ ಪಟ್ಟಿ, ಮಾತ್ರೆಯ ಡಬ್ಬಿ, ದಾರಿಯ ಬುತ್ತಿ ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಜೋಡಿಸಿ, ಕೊನೆಗೆ ಅಮ್ಮನನ್ನೂ ಅವುಗಳ ಪಕ್ಕ ಜೋಡಿಸಿದಳು. ಜೋಡಿಸಿದಳು ಅಂತ ಬೇಕೆಂದೇ ಬರೆದೆ. ಅಪ್ಪ ಹೋದಮೇಲೆ ನಮ್ಮ ಮನೆಯಲ್ಲಿ ಅಮ್ಮ ಹೇಗಿದ್ದಳೆಂದು ನೀನು ಬಂದಾಗಲೆಲ್ಲ ನೋಡಿದ್ದೀಯ. ಕಿಟಕಿಯ ಹತ್ತಿರ ಒಂದು ಕುರ್ಚಿ, ಕುರ್ಚಿಯಲ್ಲಿ ಅಮ್ಮ. ಕೇಳಿದರೆ ಹೂಂ ಅನ್ನುವುದು, ಕೇಳದಿದ್ದರೆ ಅದೂ ಇಲ್ಲ. ನಿನ್ನ ನಾದಿನಿ ಅವಳನ್ನು ಹೂವಿನಂತೆ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ನಿನ್ನಲ್ಲಾದರೆ ಪುಟ್ಟಿಯ ಗಲಾಟೆ ಇರುತ್ತದೆ, ಅಮ್ಮ ಸ್ವಲ್ಪ ಚೇತರಿಸಿಕೊಳ್ಳುತ್ತಾಳೆ ಎಂದು ನೀನೂ ನಾನೂ ಮಾತಾಡಿ ಗಟ್ಟಿಮಾಡಿಕೊಂಡೆವು. ಅವಳನ್ನು ಕೇಳಿದಾಗ, ನಿಮಗೆ ಹೇಗೆ ಅನುಕೂಲವೋ ಹಾಗೆ, ಎಂದಳು. ನಾನದನ್ನು ಒಪ್ಪಿಗೆ ಎಂದುಕೊಂಡೆ. ದಾರಿಯುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ವಿಳಾಸ ಅಂಟಿಸಿದ ಪಾರ್ಸಲಿನ ಹಾಗೆ ಕೂತಿದ್ದಳು. ಹೊರಗೆ ಹೊಲ, ಕೆರೆ, ಪೆಟ್ರೋಲ್ ಬಂಕು ಏನು ತೋರಿಸಿದರೂ ಒಂದೇ ಹೂಂ.

ಮಧ್ಯಾಹ್ನ ದಾಟಿದ ಮೇಲೆ ಒಂದು ಏರಿನಲ್ಲಿ ಬಾನೆಟ್ಟಿನಿಂದ ಹಬೆ ಏಳತೊಡಗಿತು. ನೀರು ಹಾಕಿ, ತಣಿಸಿ, ತೆವಳಿಸಿ ಹೇಗೋ ಮುಂದಿನ ಪೇಟೆಗೆ ತಂದೆ. ಸಣ್ಣ ಪೇಟೆ. ಒಂದು ಮುಖ್ಯ ರಸ್ತೆ, ಅದರ ಒಂದು ತುದಿಗೆ ಬಟ್ಟೆಗಿರಣಿ, ಇನ್ನೊಂದು ತುದಿಗೆ ಆಸ್ಪತ್ರೆ, ನಡುವೆ ಎಲ್ಲವೂ. ಗ್ಯಾರೇಜಿನವನು ಏನು ಕೇಳಿದರೂ ಆಗುತ್ತೆ ಅನ್ನುವ ಮನುಷ್ಯ. ಯಾವಾಗ ಆಗುತ್ತೆ ಅಂದರೆ, ಬಿಡಿಭಾಗ ಬಂದಾಗ ಆಗುತ್ತೆ. ಯಾವಾಗ ಬರುತ್ತೆ ಅಂದರೆ, ಸೋಮವಾರ ಬಂದರೂ ಬರಬಹುದು. ಉಳಿಯಲು ಲಾಡ್ಜು ಇದೆಯಾ ಎಂದರೆ ಅದೊಂದಕ್ಕೆ ಮಾತ್ರ ಇಲ್ಲ ಎಂದು, ಎದುರಿನ ಬೇಕರಿಯ ಹಿಂದೆ ಒಂದು ಕೋಣೆ ಇದೆ, ಕೇಳಿ ನೋಡಿ ಎಂದ.

ಬೇಕರಿ ಎಂದರೆ ಬಣ್ಣದ ದೀಪ, ತಿರುಗುವ ಕೇಕು ಎಲ್ಲ ಊಹಿಸಿಕೊಳ್ಳಬೇಡ. ಹಳೆಯ ಎರಡಂತಸ್ತಿನ ಕಟ್ಟಡ. ಕೆಳಗೆ ರಸ್ತೆಗೆ ದೊಡ್ಡದೊಂದು ಗಾಜು, ಒಳಗೆ ಮರದ ಕೌಂಟರು. ಎಷ್ಟೋ ವರ್ಷ ಕೈಗಳು ಸವರಿ ಸವರಿ ಅದರ ಅಂಚು ಸಾಬೂನಿನ ಹಾಗೆ ದುಂಡಾಗಿದೆ. ಹಿಂದೆ ಅಡ್ಡಗೋಡೆ, ಗೋಡೆಯಾಚೆ ಇಟ್ಟಿಗೆಯ ಭಟ್ಟಿ. ಗೋಡೆಗಳೆಲ್ಲ ಬೆಚ್ಚಗೆ, ಮುಟ್ಟಿದರೆ ಜ್ವರ ಬಿಡುತ್ತಿರುವವರ ಹಣೆ ಮುಟ್ಟಿದ ಹಾಗೆ. ಬೇಯಿಸುವುದೆಲ್ಲ ಮನೆಯೊಡತಿ. ಊರಿನವರು ಬೇಕರಿಯಮ್ಮ ಅನ್ನುತ್ತಾರೆ. ಐವತ್ತರ ಆಸುಪಾಸು, ಗಟ್ಟಿ ತೋಳು, ಮಾತು ಬಹಳ ಕಡಿಮೆ. ಮಾರುವುದು ಅವರ ಗಂಡ. ಆದರೆ ಗಂಡ ಅಂಗಡಿಯ ಬೋರ್ಡು ಒರೆಸಲು ಏಣಿ ಹತ್ತಿ, ಜಾರಿ, ಕಾಲು ಮುರಿದುಕೊಂಡು ಮಹಡಿಯ ಮೇಲೆ ಮಲಗಿದ್ದಾರೆ. ಮೆಟ್ಟಿಲಿಳಿಯಕೂಡದೆಂದು ಡಾಕ್ಟರು ಹೇಳಿದ್ದಾರೆ, ಬಾಯಿ ಬಿಡಬಾರದೆಂದು ಹೇಳಿಲ್ಲ. ಅವರ ಹತ್ತಿರ ಒಂದು ಊರುಗೋಲಿದೆ. ಕೆಳಗಿನ ಗಲಾಟೆ ಹೆಚ್ಚಾದರೆ ಅದರಿಂದ ನೆಲ ಕುಟ್ಟುತ್ತಾರೆ, ನಮಗೆ ಅದು ತಾರಸಿ.

ಆ ರಾತ್ರಿ ಕೋಣೆಯಲ್ಲಿ ಅಮ್ಮ ಗೋಡೆಗೆ ಮಂಡಿ ಒತ್ತಿಕೊಂಡು ಮಲಗಿದಳು. ಈ ಗೋಡೆ ಚೆನ್ನಾಗಿದೆ ಕಣೋ, ಎಂದಳು. ಇಡೀ ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು.

ಶನಿವಾರ ಬೆಳಿಗ್ಗೆ ಚಹಾ ಕುಡಿಯೋಣವೆಂದು ಮುಂದಿನ ಅಂಗಡಿಗೆ ಬಂದೆವು. ಗೋಡೆಬದಿಗೆ ಎರಡು ಬೆಂಚು, ಒಂದರಲ್ಲಿ ನಾವು. ಹೊತ್ತು ಏರುತ್ತಿದ್ದಂತೆ ಜನ ಬಂದರು ನೋಡು, ಬಂದರು ಅಂದರೆ ನುಗ್ಗಿದರು. ಗಿರಣಿಯ ಪಾಳಿ ಬಿಟ್ಟವರು ಬ್ರೆಡ್ಡಿಗೆ, ಪಾಳಿಗೆ ಹೋಗುವವರು ಬನ್ನಿಗೆ, ಶಾಲೆಯ ಮಕ್ಕಳು ಬಿಸ್ಕತ್ತಿಗೆ, ಆಸ್ಪತ್ರೆಯ ನರ್ಸು ಒಬ್ಬರು ರೋಗಿಗಳಿಗೆ ರಸ್ಕು ಬೇಕೆಂದು. ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಇಬ್ಬರಿಗೆ ಕೊಡುತ್ತಿದ್ದರು, ಒಳಗಿನಿಂದ ಸೀದ ವಾಸನೆ ಬರುತ್ತಿತ್ತು, ಬಿಟ್ಟು ಒಳಗೆ ಓಡುತ್ತಿದ್ದರು. ಇತ್ತ ಜನ ಕೌಂಟರಿನ ಮೇಲಿಂದ ಕೈ ಚಾಚಿ ತಾವೇ ತೆಗೆದುಕೊಳ್ಳತೊಡಗಿದರು. ನಾನು ಮೊದಲು ಬಂದೆ, ನೀನು ಆಮೇಲೆ ಬಂದೆ ಎಂದು ಇಬ್ಬರಿಗೆ ಜಗಳ ಹತ್ತಿತು. ಮೇಲಿನಿಂದ ಕೋಲು ಕುಟ್ಟುತ್ತಿತ್ತು. ಒಬ್ಬ ಮುದುಕರು, ಬಿಡಿ, ಹೊಸ ಬೇಕರಿ ಒಂದು ತೆರೆದಿದಾರಲ್ಲ, ಅಲ್ಲಿಗೇ ಹೋಗೋಣ, ಎಂದು ಹೊರಟೇಬಿಟ್ಟರು.

ಆಗ ಅಮ್ಮ ತನ್ನ ಕೈಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಬಚ್ಚಲಿಗೆ ಹೋಗುತ್ತಾಳೇನೋ ಅಂದುಕೊಂಡೆ. ಮಂಡಿ ಹಿಡಿದುಕೊಂಡು ಎದ್ದಳು, ನಡೆದಳು, ಕೌಂಟರಿನ ಪಕ್ಕದ ಹಲಗೆ ಎತ್ತಿದಳು, ಒಳಗೆ ಹೋಗಿ ನಿಂತಳು. ನಿಂತವಳು ಒಂದು ಸಲ ಎಲ್ಲರನ್ನೂ ನೋಡಿ, "ಒಬ್ಬೊಬ್ರಾಗಿ ಬನ್ನಿ. ಎಲ್ರಿಗೂ ಸಿಗತ್ತೆ," ಎಂದಳು.

ಗಟ್ಟಿಯಾಗಿ ಹೇಳಲಿಲ್ಲ ಅಕ್ಕಾ. ಆದರೆ ಆ ದನಿ ಇದೆಯಲ್ಲ, ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ದನಿ. ಶಾಲೆ ಬಿಟ್ಟಮೇಲೆ ನೀನೂ ನಾನೂ ಅವಳ ಕುರ್ಚಿಯ ಹಿಂದೆ ಕೂತು ಲೆಕ್ಕ ಮಾಡುತ್ತಿದ್ದಾಗ ಕೇಳಿಸುತ್ತಿದ್ದದ್ದು. ಎಂಥ ಹಬ್ಬದ ರಜೆಯ ನೂಕುನುಗ್ಗಲಿದ್ದರೂ ಆ ಕಿಟಕಿಯ ಮುಂದೆ ಜನ ತಮ್ಮಷ್ಟಕ್ಕೆ ಸಾಲಾಗುತ್ತಿದ್ದರು. ಇಲ್ಲೂ ಹಾಗೇ ಆಯಿತು. ಬಸ್ಸು ಹಿಡಿಯುವವರು ಯಾರು, ಮುಂದೆ ಬನ್ನಿ ಎಂದಳು. ಮಕ್ಕಳನ್ನು ಗೋಡೆಬದಿಗೆ ನಿಲ್ಲಿಸಿದಳು. ಜಗಳವಾಡುತ್ತಿದ್ದ ಇಬ್ಬರನ್ನೂ ಕೊನೆಗೆ ಕಳಿಸಿದಳು, ಇಬ್ಬರೂ ಹೋದರು. ಬೇಕರಿಯಮ್ಮ ಬಿಸಿ ಬನ್ನಿನ ಟ್ರೇ ಹೊತ್ತು ಹೊರಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಸ್ವಲ್ಪ ಹೊತ್ತು ನೋಡಿದರು. ಟ್ರೇಯನ್ನು ಅಮ್ಮನ ಬಲಗೈಗೆ ಸಿಗುವ ಹಾಗೆ ಇಟ್ಟು ಒಳಗೆ ಹೋದರು. ನಾನು ಕೌಂಟರಿನ ಹತ್ತಿರ ಹೋಗಿ, ಅಮ್ಮಾ, ಬಿ.ಪಿ. ಮಾತ್ರೆ ಇನ್ನೂ ತೆಗೆದುಕೊಂಡಿಲ್ಲ, ನಿನ್ನ ಮಂಡಿ, ಇವರೇನು ಅಂದುಕೊಳ್ಳುತ್ತಾರೋ ಏನೋ, ಎಂದು ಪಿಸುಗುಟ್ಟಿದೆ. "ಸರಿದು ನಿಂತ್ಕೊ. ಅಡ್ಡ ಇದೀಯ," ಎಂದಳು.

ಆ ನೂಕಾಟ ಇಳಿದಮೇಲೆ ಮಹಡಿಯಿಂದ, ಕೆಳಗೆ ಇವತ್ತು ಯಾಕೆ ಸದ್ದಿಲ್ಲ, ಅಂಗಡಿ ಮುಚ್ಚಿಬಿಟ್ಟೆಯಾ ಎಂದು ಯಜಮಾನರು ಕೂಗಿದರು. ಬೇಕರಿಯಮ್ಮ ಅಲ್ಲಿಂದಲೇ, ಇಲ್ಲ, ತೆರೆದಿದೆ, ಎಂದರು. ನಾನು ಅವರ ಬಾಯಿಂದ ಕೇಳಿದ ಮೊದಲ ಪೂರ್ತಿ ವಾಕ್ಯ.

ಭಾನುವಾರ, ಸೋಮವಾರ ಎರಡೂ ದಿನ ಅಮ್ಮ ಬೆಳಿಗ್ಗೆ ನನಗಿಂತ ಮೊದಲು ಎದ್ದು, ಮುಖ ತೊಳೆದು, ಮಾತ್ರೆ ನುಂಗಿ, ಅಂಗಡಿಗೆ ಹೊರಟಿದ್ದಳು. ನಾನು ನೆನಪಿಸುವ ಮೊದಲೇ ಮಾತ್ರೆ ನುಂಗಿದ್ದಳೆಂದರೆ ನೀನೇ ಲೆಕ್ಕ ಹಾಕಿಕೋ. ಎತ್ತರದ ಸ್ಟೂಲೊಂದನ್ನು ಬೇಕರಿಯಮ್ಮ ಹೊಂದಿಸಿ ಕೊಟ್ಟರು, ಅದರಲ್ಲಿ ಕೂತು ಮಾರುತ್ತಾಳೆ. ಸಂಜೆ ಹೊತ್ತಿಗೆ ಅವಳಿಗೆ ಅರ್ಧ ಊರಿನ ಸಮಾಚಾರ ಗೊತ್ತು. ಗಿರಣಿಯಲ್ಲಿ ನೂಲು ಸುತ್ತುವ ಹೆಂಗಸಿಗೆ ಹಲ್ಲುನೋವು, ಆದ್ದರಿಂದ ಮೆತ್ತನೆಯ ಬ್ರೆಡ್ಡು ತೆಗೆದಿಡಬೇಕು. ಅಂಚೆಯವನಿಗೆ ಸಕ್ಕರೆ ಕಾಯಿಲೆ, ಅವನು ಕದ್ದು ಕೇಕು ಕೇಳಿದರೆ ಕೊಡಕೂಡದು. ಅಂಚೆಯವನು ನನ್ನ ಹತ್ತಿರ ಬಂದು, ನಿಮ್ಮ ತಾಯಿ ಎಷ್ಟು ದಿನ ಇರುತ್ತಾರೆ ಎಂದು ಕೇಳಿದ. ಕೇಕಿನ ಆಸೆಗೆ ಕೇಳಿದ್ದೋ, ಬೇರೆ ಏನೋ, ನಾಳೆ ಹೊರಡುತ್ತೇವೆ ಎಂದಾಗ ಅವನ ಮುಖ ಸಣ್ಣದಾಯಿತು. ಬೇಕರಿಯಮ್ಮ ಅವಳನ್ನು ಅಕ್ಕ ಅನ್ನುತ್ತಾರೆ. ಹಾಗಾದರೆ ನಮಗೊಬ್ಬ ಚಿಕ್ಕಮ್ಮ ಸಿಕ್ಕಿದಂತಾಯಿತು, ಕೈತುಂಬ ಹಿಟ್ಟಿರುವ ಚಿಕ್ಕಮ್ಮ.

ಮಹಡಿಯ ಚಿಕ್ಕಪ್ಪನ ಸಂಗತಿ ಇನ್ನೂ ಸ್ವಾರಸ್ಯ. ನಿನ್ನೆಯ ಬ್ರೆಡ್ಡನ್ನು ಮುಂದೆ ಇಡಬೇಕು, ಮೊದಲು ಅದು ಹೋಗಬೇಕು ಎಂಬುದು ಅವರ ವಾದ. ಹಳತನ್ನು ಹಳತೆಂದೇ ಹೇಳಿ ಬೇರೆ ಬುಟ್ಟಿಯಲ್ಲಿಡಬೇಕು, ಬೇಕಾದವರು ಕೇಳಿ ಒಯ್ಯುತ್ತಾರೆ ಎಂಬುದು ಅಮ್ಮನ ವಾದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇವಳು ತಾರಸಿಗೆ ಮುಖವೆತ್ತಿ ಹೇಳುವುದು, ಅವರು ನೆಲ ಕುಟ್ಟುವುದು. ಗಿರಾಕಿಗಳು ಬನ್ನು ಕಚ್ಚಿಕೊಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದರು. ಸೋಮವಾರ ಸಂಜೆ ಅಮ್ಮ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು, ಅವರ ಚಹಾವನ್ನು ತಾನೇ ಒಯ್ದಳು. ನಾನು ಹಿಂದೆಯೇ ಹೋದೆ, ಬಿದ್ದರೆ ಹಿಡಿಯೋಣವೆಂದು. ಯಜಮಾನರು ಬಡಕಲು ಮನುಷ್ಯ, ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮೇಲೆ. ಅಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿ, ದನಿ ಕೇಳಿ ನಾನು ದೊಡ್ಡ ಆಳು ಅಂದುಕೊಂಡಿದ್ದೆ, ಎಂದರು. ಅಮ್ಮ, ಕೋಲಿನ ಸದ್ದು ಕೇಳಿ ನಾನೂ ಹಾಗೇ ಅಂದುಕೊಂಡಿದ್ದೆ, ಎಂದಳು. ಆಮೇಲೆ ಅವರಿಬ್ಬರೂ ನಕ್ಕದ್ದು, ಕೆಳಗೆ ಬೇಕರಿಯಮ್ಮ ನಾದುವುದನ್ನು ನಿಲ್ಲಿಸಿ ಕೇಳುವಷ್ಟು. ಬುಟ್ಟಿಯ ವಿಷಯದಲ್ಲಿ ಅವರೇ ಸೋತರು ಅನ್ನು.

ಇದನ್ನೆಲ್ಲ ನೋಡಿ ನನಗೆ ಖುಷಿಯಾಯಿತು ಎಂದಷ್ಟೇ ಬರೆದರೆ ಸುಳ್ಳಾದೀತು. ಒಳಗೊಳಗೇ ಚುಚ್ಚುತ್ತಿತ್ತು. ಇಷ್ಟು ವರ್ಷ ನಮ್ಮ ಹತ್ತಿರ ಹೂಂ ಬಿಟ್ಟು ಇನ್ನೊಂದು ಮಾತಾಡದವಳು ಯಾರೋ ದಾರಿಹೋಕರ ಹಲ್ಲುನೋವು ವಿಚಾರಿಸುತ್ತಾಳೆ. ಶನಿವಾರ ಬಂದ ಸಿಟ್ಟು ಸೋಮವಾರದವರೆಗೂ ಪೂರ್ತಿ ಇಳಿದಿರಲಿಲ್ಲ. ನಾನು ಬೆಂಚಿನ ಮೇಲೆ ಅವಳ ಕೈಚೀಲ ಹಿಡಿದುಕೊಂಡು ಕೂತಿದ್ದೆ, ಅಂಚೆಯವನ ಆ ಒಂದು ಪ್ರಶ್ನೆ ಬಿಟ್ಟರೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಾಗೆ ಕೂತಿರುವುದು ಎಂಥ ಬೇಸರದ ಕೆಲಸ ಎಂದು ಗೊತ್ತಾಗಲು ಎರಡು ದಿನ ಸಾಕಾಯಿತು.

ನಿನ್ನೆ, ಮಂಗಳವಾರ, ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನವನು ಬಂದು ಆಯಿತು ಎಂದ. ಆಗುತ್ತೆ ಅನ್ನುವವನ ಬಾಯಲ್ಲಿ ಆಯಿತು ಎಂಬ ಮಾತು ಕೇಳಿ ನನಗೇ ನಂಬಿಕೆ ಬರಲಿಲ್ಲ. ಕಾರನ್ನು ಒಂದು ಸುತ್ತು ಓಡಿಸಿ ನೋಡಿ ವಾಪಸು ಬಂದರೆ ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು. ಒಳಗೆ ಅಮ್ಮ ಸ್ಟೂಲಿನಿಂದ ಇಳಿದು ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಬೇಕರಿಯಮ್ಮ ಅವಳ ಅಂಗೈ ಉಜ್ಜುತ್ತಿದ್ದರು. ರಸ್ಕು ಒಯ್ಯುವ ನರ್ಸು ಅದೃಷ್ಟಕ್ಕೆ ಅಲ್ಲೇ ಇದ್ದರು. ನಾಡಿ ನೋಡಿ, ಆಸ್ಪತ್ರೆಯಿಂದ ಬಿ.ಪಿ. ನೋಡುವ ಯಂತ್ರ ತರಿಸಿ ನೋಡಿ, ಏನೂ ಇಲ್ಲ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಕೊಂಡಿಲ್ಲ ಅಷ್ಟೆ, ಎಂದರು. ಸುತ್ತ ಬ್ರೆಡ್ಡು, ಬನ್ನು ರಾಶಿ ಬಿದ್ದಿರುವಾಗ ಹಸಿದು ತಲೆಸುತ್ತಿ ಕೂತವಳು ನಮ್ಮಮ್ಮನೇ ಇರಬೇಕು. ಎರಡು ಬನ್ನು, ಒಂದು ಲೋಟ ಹಾಲು ಒಳಗೆ ಹೋದಮೇಲೆ ಬಣ್ಣ ಬಂತು. ಆದರೆ ಆ ಎರಡು ನಿಮಿಷದಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿ, ಇಷ್ಟು ಸಾಕು, ನಾಳೆ ಬೆಳಿಗ್ಗೆ ಹೊರಡುವುದು, ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಹೂಂ ಎಂದಳು. ಆ ಹೂಂ ಕೇಳಿ ನನಗೆ ಏನೋ ಆಯಿತು. ನಾಲ್ಕು ದಿನದಿಂದ ಅದು ಕೇಳಿಸಿರಲೇ ಇಲ್ಲ.

ಸಂಜೆ ಅಂಗಡಿ ಮುಚ್ಚಿಕೊಂಡು ಬೇಕರಿಯಮ್ಮ ಕೋಣೆಗೆ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತರು, ಕೂರಿ ಎಂದರೂ ಕೂರಲಿಲ್ಲ. ಗಂಡ ಮೇಲಿನಿಂದ ಹೇಳಿಕಳಿಸಿದ್ದೆಂದು ಮೊದಲು ಹೇಳಿದರು, ಆಮೇಲೆ, ಇಲ್ಲ, ನಾನೇ ಕೇಳುತ್ತಿದ್ದೇನೆ, ಎಂದು ತಿದ್ದಿಕೊಂಡರು. ಅವರ ಕಾಲು ಕೂಡಲು ತಿಂಗಳುಗಳೇ ಬೇಕು, ಕೂಡಿದ ಮೇಲೂ ಇಡೀ ದಿನ ನಿಲ್ಲಲಾರರಂತೆ. ಅಂಗಡಿಯನ್ನು ಈ ತಿಂಗಳ ಕೊನೆಗೆ ಮುಚ್ಚುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಅವರ ಮಾವ ಹಾಕಿದ ಭಟ್ಟಿ, ಇದುವರೆಗೆ ತಣ್ಣಗಾಗಲು ಬಿಟ್ಟಿಲ್ಲವಂತೆ. ಕೌಂಟರಿಗೆ ಇಬ್ಬರನ್ನು ಇಟ್ಟು ನೋಡಿದ್ದಾರೆ, ಒಬ್ಬಳು ವಾರಕ್ಕೆ ಬಿಟ್ಟಳು, ಇನ್ನೊಬ್ಬ ಗಿರಾಕಿಗಳ ಮೇಲೆ ರೇಗಿದ. ಇಷ್ಟು ಹೇಳುವಷ್ಟರಲ್ಲಿ ಅವರ ಒಂದು ವರ್ಷದ ಮಾತು ಮುಗಿದಿರಬೇಕು. "ಅಕ್ಕ ಇಲ್ಲೇ ಇರ್ತಾರಾ? ಈ ಕೋಣೆ ಅವರದೇ. ಊಟ ನಮ್ ಜೊತೆ. ಸಂಬಳ ಏನು ಕೊಡೋಕಾಗತ್ತೋ ಕೊಡ್ತೀವಿ," ಎಂದರು. ಅಮ್ಮ ಎದ್ದು ಕೂತಿದ್ದಳು. ಮಕ್ಕಳ ಹತ್ತಿರ ಮಾತಾಡಬೇಕು ಎಂದಳು.

ಅವರು ಹೋದಮೇಲೆ ನಾನು ಮಾತಾಡಿದೆ. ಮಾತಾಡಿದೆ ಅನ್ನುವುದಕ್ಕಿಂತ ಒದರಿದೆ. ಈ ವಯಸ್ಸಿನಲ್ಲಿ ಬೇಕರಿಯಲ್ಲಿ ಕೆಲಸವೇ, ಇವರು ಯಾರೋ ಏನೋ, ಇವತ್ತು ಬಿದ್ದಿದ್ದರೆ ಏನು ಗತಿ, ಜನ ನಮ್ಮನ್ನು ಏನು ಅಂದಾರು, ಮಕ್ಕಳು ತಾಯಿಯನ್ನು ದಾರಿಯಲ್ಲಿ ಬಿಟ್ಟುಹೋದರು ಅನ್ನುವುದಿಲ್ಲವೇ, ಅಕ್ಕನಿಗೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ. ಹೀಗೆ. ನೀನು ಹೇಳುವುದನ್ನೆಲ್ಲ ನಾನೇ ಹೇಳಿ ಮುಗಿಸಿದ್ದೇನೆ, ನಿನಗೇನೂ ಉಳಿಸಿಲ್ಲ. ಅಮ್ಮ ನಡುವೆ ಬಾಯಿ ಹಾಕಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದಳು. ಅದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನಿನ್ ಮೇಲಾಗ್ಲಿ, ನಿನ್ ಹೆಂಡ್ತಿ ಮೇಲಾಗ್ಲಿ ನಂಗೇನೂ ಬೇಜಾರಿಲ್ಲ ಕಣೋ. ನೀವೆಲ್ಲ ಚೆನ್ನಾಗೇ ನೋಡ್ಕೊಳ್ತೀರಿ. ನೋಡ್ಕೊಂಡೂ ನೋಡ್ಕೊಂಡೂ, ನಾನು ನೋಡ್ಕೊಳ್ಳೋ ವಸ್ತು ಆಗ್ಬಿಟ್ಟಿದೀನಿ. ಊಟ ಆಯ್ತಾ, ಮಾತ್ರೆ ಆಯ್ತಾ, ನಿದ್ದೆ ಬಂತಾ. ಅದು ಬಿಟ್ರೆ ನನ್ನನ್ನ ಯಾರೂ ಏನೂ ಕೇಳಿಲ್ಲ. ಇಲ್ಲಿ ಬಂದೋರೆಲ್ಲ ಏನಾದ್ರೂ ಕೇಳ್ತಾರೆ. ನಂಗೆ ಉತ್ತರ ಗೊತ್ತಿರತ್ತೆ."

ದೀಪ ಆರಿಸಿದೆ. ಕತ್ತಲಲ್ಲಿ ಅವಳು, ಇವತ್ತು ತಿನ್ನದೇ ಇದ್ದದ್ದು ನನ್ನ ತಪ್ಪು, ಇನ್ನು ತಿಂದೇ ಕೂರುತ್ತೇನೆ, ಎಂದಳು, ಪುಟ್ಟಿ ಏನಾದರೂ ಬೇಕೆಂದಾಗ ಹೇಳುವ ಹಾಗೆ. ಅದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿತು. ಬದುಕಿನುದ್ದಕ್ಕೂ ಸಾವಿರಾರು ಜನರಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿ ಟಿಕೆಟ್ಟು ಕೊಟ್ಟವಳು, ತಾನೆಲ್ಲಿರಬೇಕೆಂದು ಮಗನ ಹತ್ತಿರ ಅಪ್ಪಣೆ ಬೇಡುವಂತಾಯಿತಲ್ಲ.

ಇವತ್ತು ಬೆಳಿಗ್ಗೆ ಹೊರಡಲಿಲ್ಲ. ಹೊರಡೋಣ ಎಂದು ನಾನೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಗ್ಯಾರೇಜಿಗೆ ಹೋಗಿ ಬ್ರೇಕು ಒಂದು ಸಲ ನೋಡಪ್ಪ ಎಂದೆ. ಬ್ರೇಕಿಗೆ ಏನೂ ಆಗಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ನೋಡಿದರಾಗುತ್ತೆ, ಎಂದ. ಆಸ್ಪತ್ರೆಗೆ ಹೋಗಿ ಅಲ್ಲಿಯ ಡಾಕ್ಟರಿಗೆ ಅಮ್ಮನ ಹಳೆಯ ಚೀಟಿಗಳನ್ನೆಲ್ಲ ತೋರಿಸಿದೆ. ಕೂತು ಮಾಡುವ ಕೆಲಸವಾದರೆ, ಹೊತ್ತುಹೊತ್ತಿಗೆ ತಿಂದರೆ, ಮಧ್ಯಾಹ್ನ ಸ್ವಲ್ಪ ಮಲಗಿದರೆ ತೊಂದರೆಯಿಲ್ಲ ಎಂದರು. ನಿನ್ನ ನಾದಿನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು, ಅತ್ತೆ ನಗುತ್ತಿದ್ದಾರಾ ಎಂದು ಕೇಳಿದಳು. ಹೌದು ಎಂದೆ. ನಾನು ಅವರನ್ನು ನಗಿಸಲಿಕ್ಕೆ ಎಷ್ಟು ಒದ್ದಾಡಿದೆ ಗೊತ್ತಾ, ಎಂದು ಅತ್ತಳು. ಬೇಕರಿಯಮ್ಮನ ಹತ್ತಿರ ಕೂತು ನಾನೂ ಸ್ವಲ್ಪ ಹೊತ್ತು ರಸ್ಕು ಪೊಟ್ಟಣ ಕಟ್ಟಿದೆ. ಕೆಟ್ಟದಾಗಿ ಕಟ್ಟಿದೆನಂತೆ, ಅಮ್ಮ ಎಲ್ಲ ಬಿಚ್ಚಿ ಮತ್ತೆ ಕಟ್ಟಿದಳು.

ಈಗ ಸಂಜೆ. ಅಡ್ಡಗೋಡೆಯಾಚೆ ಟ್ರೇ ಎಳೆಯುವ ಸದ್ದು, ಅಮ್ಮ ಯಾರಿಗೋ ನಾಳೆ ಬೇಗ ಬನ್ನಿ ಎನ್ನುತ್ತಿರುವುದು ಕೇಳಿಸುತ್ತಿದೆ. ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ. ನೀನು ದೊಡ್ಡವಳು, ನನಗಿಂತ ಬುದ್ಧಿವಂತೆ, ಆದ್ದರಿಂದ ಇದ್ದದ್ದನ್ನು ಇದ್ದಹಾಗೆ ಬರೆದಿದ್ದೇನೆ. ಭಾವನವರಿಗೆ ನನ್ನ ನಮಸ್ಕಾರ ಹೇಳು, ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಲಿಕ್ಕೂ ಹೇಳು. ಪುಟ್ಟಿಯ ಬೊಚ್ಚುಬಾಯಿಗೆ ಮಾವನ ಮುತ್ತು. ಕತ್ತಿಗೆ ಶಾಖ ಕೊಟ್ಟುಕೋ.

ನಿನ್ನ ಬಯ್ಗುಳಕ್ಕೆ ಕಿವಿ ತೆರೆದು ಕೂತಿರುವ ತಮ್ಮ,
ಮೊದ್ದು

ತಾ.ಕ.: ಗುರುವಾರ ಬೆಳಿಗ್ಗೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಎದ್ದವಳೇ ತನ್ನ ಸಾಮಾನನ್ನು ಕಾರಿನಿಂದ ಇಳಿಸಿಕೊಡು ಎಂದಳು. ಈ ಸಲ ಅನುಕೂಲ ಕೇಳಲಿಲ್ಲ. ಇಳಿಸಿಕೊಟ್ಟೆ. ಅವಳು ನಿನ್ನ ಮನೆಗೆ ಇರಲು ಬರುವುದಿಲ್ಲ ಅಕ್ಕಾ, ಇಲ್ಲೇ ಇರುತ್ತಾಳೆ. ನಿನ್ನಲ್ಲಿಗೆ ಬಂದುಹೋಗಿ ಮಾಡುತ್ತಾಳಂತೆ. ನಾನು ಮಧ್ಯಾಹ್ನ ಒಬ್ಬನೇ ಹೊರಟು ಮನೆಗೆ ಹಿಂದಿರುಗುತ್ತೇನೆ, ಹದಿನೈದು ದಿನಕ್ಕೊಮ್ಮೆ ಬಂದು ನೋಡುತ್ತೇನೆ. ಇದನ್ನು ಫೋನಿನಲ್ಲಿ ನೀನೇ ಅಕ್ಕನಿಗೆ ಹೇಳು, ಎಂದು ಅಮ್ಮನಿಗೆ ಅಂದೆ. "ಅವಳು ಅತ್ರೆ ನಾನು ವಾಪಸ್ ಕಾರು ಹತ್ತಿಬಿಡ್ತೀನಿ. ಅದಕ್ಕೇ ನೀನೇ ಹೇಳು," ಎಂದಳು. ಅಕ್ಕ ಒಪ್ಪುತ್ತಾಳೆ, ಅಳುವುದಿಲ್ಲ ಎಂದು ನಿನ್ನ ಪರವಾಗಿ ನಾನೇ ಮಾತು ಕೊಟ್ಟಿದ್ದೇನೆ, ಉಳಿಸಿಕೊಡು. ಅಳು ಬಂದರೆ ಪೂರ್ತಿ ಅತ್ತು ಮುಗಿಸಿ ಆಮೇಲೆ ಫೋನು ಮಾಡು. ಮತ್ತೆ, ಅವಳನ್ನು ಕರೆದುಕೊಂಡು ಹೋಗಲು ಬರಬೇಡ, ನೋಡಲು ಬಾ. ಬೆಳಿಗ್ಗೆ ಬಾ, ಪಾಳಿ ಬಿಡುವ ಹೊತ್ತಿಗೆ. ಸೀದಾ ಒಳಗೆ ಹೋಗಬೇಡ, ರಸ್ತೆಯ ಆಚೆ ಬದಿಯಲ್ಲಿ, ಗ್ಯಾರೇಜಿನ ಮುಂದೆ, ಒಂದು ಗಳಿಗೆ ನಿಂತುಕೋ. ಅವಳು ನಿನ್ನನ್ನು ನೋಡುವ ಮೊದಲು ನೀನು ಅವಳನ್ನು ನೋಡು.